ಟ್ರೇಲರ್ ಎಳೆಯಲು ಹಳೆಯ ಫೋರ್ ವೀಲ್ ಜೀಪು: ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ಮನೆಗಳ ಅಂಗಳದಲ್ಲಿ ಹಳೆಯ ಜೀಪೊಂದು, ಅದರ ಬೆನ್ನಿಗೆ ಎರಡು ಚಕ್ರದ ಟ್ರೇಲರ್ ಒಂದು ನಿಂತಿರುವುದು ಅಪರೂಪದ ನೋಟವಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಇಳಿಸುವುದು, ಬೇಸಿಗೆಯಲ್ಲಿ ಗೊಬ್ಬರವನ್ನು ಗುಡ್ಡದ ಮೇಲಕ್ಕೆ ಏರಿಸುವುದು, ಮಳೆಗಾಲಕ್ಕೆ ಮುಂಚೆ ಸೌದೆ ತಂದು ಒಟ್ಟುವುದು, ಇವೆಲ್ಲವನ್ನೂ ಮಾಡಿ ಸಂಜೆ ಪೇಟೆಗೂ ಹೋಗಿಬರಬಲ್ಲ ಒಂದೇ ವಾಹನ ಬೇಕೆನ್ನುವವರು ಸಾಮಾನ್ಯವಾಗಿ ಹಳೆಯ ಫೋರ್ ವೀಲ್ ಡ್ರೈವ್ ವಾಹನವನ್ನು ಹುಡುಕುತ್ತಾರೆ. ಹಾಗೆ ಹುಡುಕಿಕೊಂಡು ಹೋದವರು ಕೇಳುವ ಮೊದಲ ಪ್ರಶ್ನೆ ‘ಎಂಜಿನ್ ಹೇಗಿದೆ?’ ಎಂಬುದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಹಳೆಯ ಡೀಸೆಲ್ ಎಂಜಿನ್ ಸೋತರೆ ಅದನ್ನು ಬಿಚ್ಚಿ, ಬೋರ್ ಮಾಡಿಸಿ ಮತ್ತೆ ಕೂರಿಸುವ ಮೇಸ್ತ್ರಿಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆದರೆ ತಿರುಚಿಕೊಂಡ ಚಾಸಿಯನ್ನು (ವಾಹನದ ಅಡಿಯ ಉಕ್ಕಿನ ಚೌಕಟ್ಟನ್ನು) ಮೊದಲಿನಂತೆ ಮಾಡಿಕೊಡುವವರು ವಿರಳ, ಮತ್ತು ಟ್ರೇಲರ್ ಹಿಂದಿನಿಂದ ನೂಕುತ್ತಿರುವಾಗ ನಿಲ್ಲಲಾರದ ಜೀಪನ್ನು ಯಾವ ಎಂಜಿನ್ನೂ ಕಾಪಾಡುವುದಿಲ್ಲ.

ವಾಹನ ನೋಡಲು ಹೊರಡುವ ಮೊದಲು ಎಳೆಯಬೇಕಾದ ಭಾರ ಎಷ್ಟೆಂದು ತಿಳಿದಿರಬೇಕು. ಎರಡು ಮೀಟರ್ ಉದ್ದ, 1.2 ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಟ್ರೇಲರ್ ತೊಟ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಘನ ಮೀಟರ್ ಜಾಗವಿರುತ್ತದೆ. ಅದೇ ತೊಟ್ಟಿಗೆ ತರಗೆಲೆ ತುಂಬಿದರೆ ನೂರೈವತ್ತು ಕಿಲೋ ಆಗಬಹುದು, ಕಾಫಿ ಹಣ್ಣು ತುಂಬಿದರೆ ಆರು ನೂರನ್ನು ದಾಟುತ್ತದೆ, ಹಸಿ ಗೊಬ್ಬರವಾದರೆ ಎಂಟು ನೂರೈವತ್ತರ ಸುತ್ತಮುತ್ತ ಬರುತ್ತದೆ, ಒದ್ದೆ ಮರಳಾದರೆ ಒಂದೂವರೆ ಟನ್ನನ್ನೂ ಮೀರುತ್ತದೆ. ಕಣ್ಣಿಗೆ ಎಲ್ಲವೂ ‘ಒಂದು ಲೋಡು’ ಎಂದೇ ಕಾಣುವುದರಿಂದ ಮೋಸಹೋಗುವುದು ಸುಲಭ. ಇದಕ್ಕೆ ಖಾಲಿ ಟ್ರೇಲರ್‌ನ ಮುನ್ನೂರು, ಮುನ್ನೂರೈವತ್ತು ಕಿಲೋ ಸೇರಿಸಬೇಕು. ಹೀಗಾಗಿ ಗೊಬ್ಬರ ತುಂಬಿದ ಟ್ರೇಲರ್ ಎಂದರೆ 1200 ಕಿಲೋ ಎಂದು ಹಿಡಿದು ಮುಂದಿನ ಲೆಕ್ಕವನ್ನು ಮಾಡೋಣ.

ಈ ಟ್ರೇಲರನ್ನು 1700 ಕಿಲೋ ತೂಕದ ಜೀಪೊಂದು ಎಳೆಯುತ್ತಿದೆ ಎಂದುಕೊಂಡರೆ ಒಟ್ಟು ಭಾರ 2900 ಕಿಲೋ. ಎಂಟು ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಏರುವ ದಾರಿಯಲ್ಲಿ (ತೋಟದೊಳಗಿನ ದಾರಿಗಳಲ್ಲಿ ಇದೇನೂ ಕಡಿದಾದ ಏರಲ್ಲ) ಈ ಭಾರದ ಎಂಟನೇ ಒಂದು ಭಾಗ, ಎಂದರೆ ಸುಮಾರು 360 ಕಿಲೋ, ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ಟೈರುಗಳು ನೆಲವನ್ನು ಅದಕ್ಕಿಂತ ಹೆಚ್ಚಿನ ಬಲದಿಂದ ಹಿಡಿದುಕೊಂಡರೆ ಮಾತ್ರ ವಾಹನ ಮೇಲೇರುತ್ತದೆ. ಹಸಿ ಮಣ್ಣಿನಲ್ಲಿ ನೂರು ಕಿಲೋ ಭಾರಕ್ಕೆ ಮೂವತ್ತು ಕಿಲೋದಷ್ಟು ಹಿಡಿತ ಸಿಗುತ್ತದೆಂದು ಇಟ್ಟುಕೊಂಡರೆ, ಹಿಂದಿನ ಎರಡು ಚಕ್ರಗಳ ಮೇಲೆ ಸಾವಿರ ಕಿಲೋ ಕೂತಿದ್ದರೂ ಸಿಗುವ ಹಿಡಿತ 300 ಕಿಲೋ ಅಷ್ಟೆ. ಎಂಜಿನ್‌ನಲ್ಲಿ ಎಷ್ಟೇ ಕಸುವಿದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ನಾಲ್ಕೂ ಚಕ್ರಗಳು ದುಡಿದರೆ ಜೀಪಿನ ಪೂರ್ತಿ ಭಾರ ಹಿಡಿತಕ್ಕೆ ಒದಗಿ 500 ಕಿಲೋ ಮೀರಿದ ಬಲ ಸಿಗುತ್ತದೆ. ಫೋರ್ ವೀಲ್ ಡ್ರೈವ್ ಯಾಕೆ ಬೇಕೆಂಬುದಕ್ಕೆ ಇಷ್ಟೇ ಕಾರಣ ಸಾಕು. ಅದು ಎಂಜಿನ್‌ಗೆ ಶಕ್ತಿಯನ್ನೇನೂ ಸೇರಿಸುವುದಿಲ್ಲ, ಇರುವ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುತ್ತದೆ.

ಹಿಂದಿನ ಚಕ್ರದ ಮೇಲೆ ಸಾವಿರ ಕಿಲೋ ಹೇಗೆ ಬಂತು ಎಂಬುದನ್ನು ಎತ್ತಿನ ಗಾಡಿ ಹೊಡೆದವರಿಗೆ ಬೇರೆ ಹೇಳಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಅತಿಯಾಗಿ ಮುಂಭಾರವಾದರೆ ಎತ್ತು ಮಂಡಿಯೂರುತ್ತದೆ, ಆದ್ದರಿಂದ ಸ್ವಲ್ಪವೇ ಮುಂಭಾರವಿರುವಂತೆ ಹೇರು ಹಾಕುವುದು ರೂಢಿ. ಟ್ರೇಲರ್‌ಗೂ ಅದೇ ನ್ಯಾಯ ಸಲ್ಲುತ್ತದೆ. ಒಟ್ಟು ಭಾರದ ಹತ್ತನೇ ಒಂದು ಭಾಗ ಕೊಂಡಿಯ ಮೇಲೆ ಕೂರುವಂತೆ ತುಂಬಿದರೆ ಟ್ರೇಲರ್ ಬಾಲ ಆಡಿಸದೆ ಹಿಂಬಾಲಿಸುತ್ತದೆ. ನಮ್ಮ ಲೆಕ್ಕದಲ್ಲಿ ಅದು 120 ಕಿಲೋ. ಆದರೆ ಕೊಂಡಿ ಇರುವುದು ಹಿಂದಿನ ಆಕ್ಸಲ್‌ನ ಮೇಲಲ್ಲ, ಅದಕ್ಕಿಂತ ಮುಕ್ಕಾಲು ಒಂದು ಮೀಟರ್ ಹಿಂದೆ. ಆಕ್ಸಲ್‌ನಿಂದ ಕೊಂಡಿಗೆ 90 ಸೆಂಟಿಮೀಟರ್, ಎರಡು ಆಕ್ಸಲ್‌ಗಳ ನಡುವೆ 240 ಸೆಂಟಿಮೀಟರ್ ಎಂದಾದರೆ, ಸನ್ನೆಕೋಲಿನ ನಿಯಮದಂತೆ ಮುಂದಿನ ಚಕ್ರಗಳಿಂದ 45 ಕಿಲೋ ಎದ್ದುಹೋಗಿ ಹಿಂದಿನ ಚಕ್ರಗಳ ಮೇಲೆ 165 ಕಿಲೋ ಬೀಳುತ್ತದೆ. ಸ್ಟೀರಿಂಗ್ ತಿರುಗಿಸುವ ಚಕ್ರಗಳು ಹಗುರವಾಗುವುದು ಒಳ್ಳೆಯ ಸಂಗತಿಯಲ್ಲ. ಹೀಗಾಗಿ ಆಕ್ಸಲ್‌ಗಳ ನಡುವಿನ ಅಂತರ ಹೆಚ್ಚಿರುವ, ಹಿಂಬದಿ ಚಾಚು ಕಡಿಮೆಯಿರುವ ವಾಹನ ಎಳೆಯುವ ಕೆಲಸಕ್ಕೆ ಮೇಲು. ಗಿಡ್ಡ ಜೀಪು ತೋಟದ ತಿರುವುಗಳಲ್ಲಿ ಸಲೀಸಾಗಿ ನುಗ್ಗುತ್ತದೆ, ಆದರೆ ಡಾಂಬರು ರಸ್ತೆಯಲ್ಲಿ ಟ್ರೇಲರ್ ಅದರ ಬಾಲವನ್ನು ಅಲ್ಲಾಡಿಸುವುದೂ ಅಷ್ಟೇ ಸಲೀಸು.

‘ಫೋರ್ ಬೈ ಫೋರ್’ ಎಂಬ ಹೆಸರಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಮಾರಾಟವಾಗುತ್ತವೆ. ಹಳೆಯ ಮಹೀಂದ್ರ ಜೀಪು, ಥಾರ್, ಬೊಲೆರೊ ಕ್ಯಾಂಪರ್, ಮಾರುತಿ ಜಿಪ್ಸಿ ಮುಂತಾದವುಗಳಲ್ಲಿ ಇರುವುದು ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ಲಿವರ್ ಎಳೆದೊಡನೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ, ಮಣ್ಣಿನಲ್ಲಾದರೆ ಯಾವುದಾದರೊಂದು ಚಕ್ರ ಜಾರಿ ಆ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟ್ ಮತ್ತು ಗೇರುಗಳು ತಿರುಚಿಕೊಳ್ಳುತ್ತವೆ. ಆದ್ದರಿಂದ ಈ ವಾಹನಗಳು ಟಾರು ರಸ್ತೆಯಲ್ಲಿ ಹಿಂದಿನ ಎರಡೇ ಚಕ್ರಗಳಿಂದ ಎಳೆಯಬೇಕು. ಎರಡನೆಯದು ಸದಾಕಾಲ ನಾಲ್ಕೂ ಚಕ್ರ ದುಡಿಯುವ ವ್ಯವಸ್ಥೆ. 2009ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ತಲೆಮಾರಿನ ಫಾರ್ಚ್ಯೂನರ್‌ನ ನಡುವೆ ಒಂದು ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಜೋಡಣೆ) ಇರುವುದರಿಂದ ಅದು ಮಳೆಯಲ್ಲಿ ನೆನೆದ ಘಾಟಿಯ ಡಾಂಬರಿನಲ್ಲೂ ನಾಲ್ಕು ಚಕ್ರಗಳಿಂದಲೇ ಎಳೆಯಬಲ್ಲದು. ಮೂರನೆಯದು ಡಸ್ಟರ್‌ನಂಥ ಕಾರುಗಳ ಆಲ್ ವೀಲ್ ಡ್ರೈವ್. ಅದರಲ್ಲಿ ಪ್ರತ್ಯೇಕ ಚಾಸಿಯೂ ಇಲ್ಲ, ಲೋ ಗೇರೂ ಇಲ್ಲ. ಕೆಸರು ದಾಟಲು, ಜಾರುವ ದಾರಿಯಲ್ಲಿ ಸಂಸಾರವನ್ನು ಕರೆದೊಯ್ಯಲು ಅದು ಚೆನ್ನಾಗಿದೆ. ಗೊಬ್ಬರದ ಟ್ರೇಲರನ್ನು ಅದಕ್ಕೆ ಕಟ್ಟಬಾರದು.

ಲೋ ಗೇರ್ ಎಂಬುದರ ಬೆಲೆ ಟ್ರೇಲರ್ ಕಟ್ಟಿದ ಮೇಲೆಯೇ ಗೊತ್ತಾಗುವುದು. ಟ್ರಾನ್ಸ್‌ಫರ್ ಕೇಸಿನ (ಎಂಜಿನ್‌ನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರುಪೆಟ್ಟಿಗೆಯ) ಸಣ್ಣ ಲಿವರನ್ನು ಲೋಗೆ ತಂದಾಗ ಮಹೀಂದ್ರ ಜೀಪುಗಳಲ್ಲಿ ಚಕ್ರಕ್ಕೆ ಸಿಗುವ ತಿರುಗುಬಲ ಸುಮಾರು ಎರಡೂವರೆ ಪಟ್ಟಾಗಿ, ವೇಗ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಏರಿನಲ್ಲಿ ಕ್ಲಚ್ಚನ್ನು ಸುಡದೆ ಹೊರಡಬಹುದು. ಇಳಿಜಾರಿನಲ್ಲಿ ಬ್ರೇಕಿಗೆ ಕಾಲಿಡದೆ ಎಂಜಿನ್‌ನ ತಡೆಯಿಂದಲೇ ನಾಲ್ಕೂ ಚಕ್ರಗಳನ್ನು ಹಿಡಿದು ಇಳಿಸಬಹುದು. ಟ್ರೇಲರ್ ಬೆನ್ನಿಗಿರುವಾಗ ಈ ಎರಡನೆಯ ಉಪಯೋಗವೇ ದೊಡ್ಡದು. ಜಿಪ್ಸಿಯಲ್ಲಿ ಹೈಗೂ ಲೋಗೂ ಇರುವ ವ್ಯತ್ಯಾಸ 1.6 ಪಟ್ಟು ಮಾತ್ರ, ಜೊತೆಗೆ ಅದರ 1298 ಸಿಸಿ ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ 103 ನ್ಯೂಟನ್ ಮೀಟರ್ ತಿರುಗುಬಲವನ್ನು ಕೊಡುವುದು ನಿಮಿಷಕ್ಕೆ 4500 ಸುತ್ತಿನಲ್ಲಿ. ಮೊದಲ ಥಾರ್‌ನ ಡಿಐ ಡೀಸೆಲ್ ಎಂಜಿನ್‌ಗೆ ಅಶ್ವಶಕ್ತಿ ಕೇವಲ 63, ಜಿಪ್ಸಿಯ 80ಕ್ಕಿಂತ ಕಡಿಮೆ. ಆದರೂ ಅದು 1500ರಿಂದ 1800 ಸುತ್ತಿನೊಳಗೆ 180 ನ್ಯೂಟನ್ ಮೀಟರ್ ಮೀರಿದ ಬಲ ಕೊಡುತ್ತದೆ. ಭಾರ ಎಳೆಯುವವರು ಅಶ್ವಶಕ್ತಿಯ ಅಂಕಿಯನ್ನು ಮರೆತು, ಎಷ್ಟು ಕಡಿಮೆ ಸುತ್ತಿನಲ್ಲಿ ಎಷ್ಟು ತಿರುಗುಬಲ ಸಿಗುತ್ತದೆಂದು ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗದು.

ಇನ್ನು ವಾಹನದ ಅಡಿಗೆ ಮಲಗಿ ನೋಡಬೇಕಾದ ಸಂಗತಿಗಳು. ಎತ್ತು ಕೊಳ್ಳುವವರು ಸುಳಿ ನೋಡುವಂತೆ ಇಲ್ಲಿ ಮೊದಲು ನೋಡಬೇಕಾದದ್ದು ಚಾಸಿಯ ಹಿಂಬದಿಯ ಕೊನೆಯ ಒಂದು ಅಡಿ. ಎಳೆತದ ಬಲವೆಲ್ಲ ಬಂದು ಸೇರುವುದು ಅಲ್ಲಿಗೇ. ಕೊಂಡಿಯ ಪಟ್ಟಿಯನ್ನು ಚಾಸಿಯ ಎರಡು ಉದ್ದದ ತೊಲೆಗಳಿಗೆ ನಾಲ್ಕಾರು ಬೋಲ್ಟುಗಳಿಂದ ಬಿಗಿದಿದ್ದರೆ ಸರಿ. ಹಿಂದಿನ ಅಡ್ಡಪಟ್ಟಿಯ ನಡುವಿಗಷ್ಟೇ ವೆಲ್ಡ್ ಮಾಡಿದ್ದರೆ ಅದು ಅಲಂಕಾರಕ್ಕೆ ಹಾಕಿಸಿದ್ದೆಂದು ತಿಳಿಯಬೇಕು. ಬೋಲ್ಟಿನ ತೂತು ಉದ್ದುದ್ದವಾಗಿ ಸವೆದಿರುವುದು, ತೂತಿನ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟಿರುವುದು, ಲೀಫ್ ಸ್ಪ್ರಿಂಗಿನ ಹಿಂದಿನ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೀಲು) ಕೂರುವ ಜಾಗದಲ್ಲಿ ಮೇಲಿಂದ ಮೇಲೆ ವೆಲ್ಡ್ ಮಾಡಿ ಕಪ್ಪು ಬಣ್ಣ ಬಳಿದಿರುವುದು, ಇವು ಹಿಂದಿನ ಮಾಲೀಕರು ಎಷ್ಟು ಎಳೆಸಿದ್ದರೆಂಬ ದಾಖಲೆಗಳು. ಹೊಸದಾಗಿ ಬಣ್ಣ ಹೊಡೆದ ಚಾಸಿಯನ್ನು ಕಂಡರೆ ನನಗೆ ತುಕ್ಕು ಹಿಡಿದ ಚಾಸಿಗಿಂತ ಹೆಚ್ಚು ಅನುಮಾನ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಯ ಅಥವಾ ಉಪ್ಪುಗಾಳಿಯ ಕರಾವಳಿಯ ವಾಹನದಲ್ಲಿ ತುಕ್ಕು ಹೊರಗಿನಿಂದ ಕಾಣಿಸುವುದಕ್ಕಿಂತ ತೊಲೆಯ ಒಳಗಿನಿಂದ ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋದರೆ ಗಟ್ಟಿಯಾದ ಕಡೆ ಠಣ್ ಎನ್ನುವ ಕಬ್ಬಿಣ, ಟೊಳ್ಳಾದ ಕಡೆ ಮಂದವಾಗಿ ಸದ್ದು ಮಾಡುತ್ತದೆ.

ಬ್ರೇಕಿನ ವಿಚಾರದಲ್ಲಿ ರಾಜಿ ಇರಬಾರದು. ಮೇಲಿನ ಲೆಕ್ಕದ 360 ಕಿಲೋ ಏರಿನಲ್ಲಿ ಹಿಂದಕ್ಕೆ ಜಗ್ಗಿದಂತೆ ಇಳಿಜಾರಿನಲ್ಲಿ ಮುಂದಕ್ಕೆ ನೂಕುತ್ತದೆ. ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿದ ಟ್ರೇಲರ್‌ಗಳಲ್ಲಿ ಬ್ರೇಕ್ ಇರುವುದು ಅಪರೂಪವಾದ್ದರಿಂದ, 2900 ಕಿಲೋವನ್ನು ನಿಲ್ಲಿಸುವ ಹೊಣೆ 1700 ಕಿಲೋ ಜೀಪಿನ ಬ್ರೇಕು ಮತ್ತು ಟೈರುಗಳದ್ದಾಗುತ್ತದೆ. ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ 1.7 ಪಟ್ಟು. ಅದೂ ದಾರಿ ಸಮತಟ್ಟಾಗಿದ್ದಾಗ. ಯುರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ನ ಒಟ್ಟು ತೂಕ 750 ಕಿಲೋ ಮೀರಬಾರದೆಂಬ ನಿಯಮವಿದೆ, ಯುರೋಪಿನಲ್ಲಿ ಅದು ಎಳೆಯುವ ವಾಹನದ ತೂಕದ ಅರ್ಧವನ್ನೂ ಮೀರುವಂತಿಲ್ಲ. ನಮ್ಮಲ್ಲಿ ಮಾರಾಟವಾದ ಹಳೆಯ ಜೀಪುಗಳ ಕೈಪಿಡಿಗಳಲ್ಲಿ ಎಳೆಯುವ ಮಿತಿಯ ಅಂಕಿ ಸಾಮಾನ್ಯವಾಗಿ ಸಿಗದಿರುವಾಗ ಈ ಅಳತೆಯನ್ನೇ ಬಳಸಿಕೊಳ್ಳುವುದು ಕ್ಷೇಮ. 1200 ಕಿಲೋ ಎಳೆಯಲೇಬೇಕಾದರೆ ಟ್ರೇಲರ್‌ಗೆ ತಳ್ಳುಬ್ರೇಕ್ ಹಾಕಿಸಬೇಕು. ಜೀಪು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗುವ ಬಲವೇ ಕೊಂಡಿಯ ದಂಡವನ್ನು ಒತ್ತಿ ಅದರ ಚಕ್ರಗಳ ಬ್ರೇಕನ್ನು ಹಿಡಿಸುವ ವ್ಯವಸ್ಥೆ ಅದು.

ಜೀಪಿನ ಕಡೆಯಿಂದ ನೋಡಿದರೆ, ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ, ಬೂಸ್ಟರ್ (ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಸಾಧನ) ಇಲ್ಲದ ಬಹಳ ಹಳೆಯ ವಾಹನಗಳು ಈ ಕೆಲಸಕ್ಕೆ ತಕ್ಕವಲ್ಲ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಉಳಿದು ಒಂದಷ್ಟು ದೂರ ಬ್ರೇಕ್ ಹಿಡಿಯುವುದೇ ಇಲ್ಲ, ಉದ್ದ ಇಳಿಜಾರಿನಲ್ಲಿ ಕಾದ ಡ್ರಮ್ ಹಿಡಿತ ಕಳೆದುಕೊಳ್ಳುತ್ತದೆ. ಮುಂದಿನ ಚಕ್ರಕ್ಕಾದರೂ ಡಿಸ್ಕ್ ಇರಲಿ. ಹಿಂದಿನ ಡ್ರಮ್ಮನ್ನು ಬಿಚ್ಚಿಸಿ ಒಳಗೆ ಎಣ್ಣೆ ಜಿನುಗಿದೆಯೇ ನೋಡಬೇಕು. ಆಕ್ಸಲ್ ಸೀಲು ಸೋತಿದ್ದರೆ ಹೌಸಿಂಗಿನ (ಆಕ್ಸಲ್‌ನ ಹೊರಕವಚದ) ಎಣ್ಣೆ ನೇರ ಬ್ರೇಕ್ ಲೈನಿಂಗಿಗೆ ಬರುತ್ತದೆ.

ಕ್ಲಚ್ ಪರೀಕ್ಷೆಗೆ ಮೇಸ್ತ್ರಿ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟರೆ ಎಂಜಿನ್ ಕೂಡಲೇ ನಿಲ್ಲಬೇಕು. ಉರುಗುಟ್ಟುತ್ತ ಓಡುತ್ತಲೇ ಇದ್ದರೆ ಪ್ಲೇಟು ಮುಗಿದಿದೆ. ಟ್ರಾನ್ಸ್‌ಫರ್ ಕೇಸಿನ ಪರೀಕ್ಷೆಗೆ ಒಂದು ಇಳಿಜಾರು ಬೇಕು. ಲೋ ಗೇರಿನಲ್ಲಿ ಇಳಿಯುತ್ತ ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಒಮ್ಮೆ ಪೂರ್ತಿ ಬಿಟ್ಟು ನೋಡಬೇಕು. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಚಿಮ್ಮಿದರೆ ಒಳಗಿನ ಗೇರು ಸವೆದಿದೆ ಎಂದರ್ಥ. ತುಂಬಿದ ಟ್ರೇಲರ್ ನೂಕುತ್ತಿರುವಾಗ ಹೀಗಾದರೆ ಎಂಜಿನ್‌ನ ತಡೆ ಒಂದೇ ಕ್ಷಣದಲ್ಲಿ ಇಲ್ಲವಾಗುತ್ತದೆ, ಮಾತ್ರವಲ್ಲ, ಹ್ಯಾಂಡ್‌ಬ್ರೇಕ್ ಚಕ್ರಗಳ ಬದಲು ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲ್‌ಗೆ ಬಲ ಒಯ್ಯುವ ದಂಡದ) ಮೇಲಿರುವ ಹಳೆಯ ಜೀಪುಗಳಲ್ಲಿ ಅದರ ಮೇಲೂ ಎಷ್ಟು ನಂಬಿಕೆ ಇಡಬಹುದೆಂಬುದು ಸಂಶಯ. ಮುಂದಕ್ಕೂ ರಿವರ್ಸಿಗೂ ಬದಲಾಯಿಸುವಾಗ ಠಕ್ ಎಂಬ ಸದ್ದು ಬಂದರೆ ಶಾಫ್ಟಿನ ಕ್ರಾಸ್ (ಕೀಲು) ಸೋತಿದೆ, ಅದು ಸಣ್ಣ ಖರ್ಚು. ಹೌಸಿಂಗಿನ ಎಣ್ಣೆ ತೆಗೆಸಿ ನೋಡಿದಾಗ ಹಾಲಿನಂತೆ ಬೆಳ್ಳಗಿದ್ದರೆ ಹಳ್ಳದ ನೀರು ಒಳಗೆ ಸೇರಿದೆ. ಮಿನುಗುವ ಲೋಹದ ಪುಡಿಯಿದ್ದರೆ ಗೇರು ತಿನ್ನುತ್ತಿದೆ, ಅದು ದೊಡ್ಡ ಖರ್ಚು.

ಮುಂದಿನ ಚಕ್ರಗಳು ನಿಜಕ್ಕೂ ದುಡಿಯುತ್ತವೆಯೇ ಎಂಬುದನ್ನೂ ನೋಡಬೇಕು. ಈ ಮಾತು ವಿಚಿತ್ರವಾಗಿ ಕಾಣಬಹುದು. ಆದರೆ ಮುಂದಿನ ಶಾಫ್ಟನ್ನು ಬಿಚ್ಚಿ ಶೆಡ್ಡಿನ ಮೂಲೆಗೆ ಹಾಕಿದ, ಲಿವರ್ ಮಾತ್ರ ಉಳಿದ ಜೀಪನ್ನು ‘ಫೋರ್ ವೀಲ್’ ಎಂದೇ ನನಗೆ ತೋರಿಸಿದವರಿದ್ದಾರೆ. ಜಾಕಿಯಿಂದ ಮುಂದಿನ ಎರಡೂ ಚಕ್ರಗಳನ್ನು ಎತ್ತಿ, ಹಿಂದಿನವಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು ಫೋರ್ ವೀಲ್ ಹಾಕಿದರೆ, ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದಾಗ ಇನ್ನೊಂದು ಹಿಮ್ಮುಖವಾಗಿ ತಿರುಗಬೇಕು. ಜಿಪ್ಸಿಯಂಥ ವಾಹನಗಳಲ್ಲಿ ಅದಕ್ಕೆ ಮೊದಲು ಚಕ್ರದ ನಡುವಿನ ಫ್ರೀ ವೀಲ್ ಹಬ್ಬನ್ನು (ಚಕ್ರವನ್ನು ಆಕ್ಸಲ್‌ಗೆ ಕೂಡಿಸುವ, ಬಿಡಿಸುವ ಬಿಲ್ಲೆಯನ್ನು) ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು, ಎಷ್ಟೋ ವಾಹನಗಳಲ್ಲಿ ಅದು ತುಕ್ಕು ಹಿಡಿದು ತಿರುಗುವುದೇ ಇಲ್ಲ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳಲಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಬೇಕು, ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಬುಸುಗುಟ್ಟಿಕೊಂಡು ಹೊಗೆ ಬರಬಾರದು. ಎಳೆಯುವ ವಾಹನಕ್ಕೆ ಅದಕ್ಕಿಂತ ಮುಖ್ಯವಾದದ್ದು ರೇಡಿಯೇಟರ್. ಲೋ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ, ಆದರೆ ವಾಹನ ನಡಿಗೆಯ ವೇಗದಲ್ಲಿರುವುದರಿಂದ ಎದುರುಗಾಳಿ ಇರುವುದಿಲ್ಲ. ಖಾಲಿ ಓಡಿಸಿದಾಗ ಕಾಣದ ಬಿಸಿ ಆಗ ಕಾಣುತ್ತದೆ.

ಯಾವ ವಾಹನ ಎಂಬ ಪ್ರಶ್ನೆಗೆ ನನ್ನ ಉತ್ತರ ಬಳಕೆಯನ್ನು ಅವಲಂಬಿಸಿದೆ. ತೋಟದೊಳಗೇ ಓಡಾಟವಾದರೆ 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್‌ನ 2498 ಸಿಸಿಯ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಮಾದರಿಯನ್ನು ಆರಿಸಿಕೊಳ್ಳುತ್ತೇನೆ. ಅದರ 247 ನ್ಯೂಟನ್ ಮೀಟರ್ ಬಲ 2000 ಸುತ್ತಿನೊಳಗೇ ಸಿಗುತ್ತದೆ, ಹಿಂದೆ ಲೀಫ್ ಸ್ಪ್ರಿಂಗ್ ಇರುವುದರಿಂದ ಕೊಂಡಿಯ ಭಾರಕ್ಕೆ ಬಾಗುವುದಿಲ್ಲ, 2015ರ ನಂತರದ ವಾಹನಗಳಲ್ಲಿ ಹಿಂದಿನ ಡಿಫರೆನ್ಷಿಯಲ್‌ಗೆ ತಾನಾಗಿ ಬಿಗಿಯುವ ಲಾಕ್ ಕೂಡ ಇದೆ. ವಾರಕ್ಕೆ ನಾಲ್ಕು ದಿನ ಹೆದ್ದಾರಿಯಲ್ಲಿ ಎಳೆಯಬೇಕಾದರೆ 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಮೇಲು. ಅದರ ಆಕ್ಸಲ್‌ಗಳ ನಡುವೆ 3095 ಮಿಲಿಮೀಟರ್ ಅಂತರವಿದ್ದು ಟ್ರೇಲರ್ ಬಾಲ ಅದನ್ನು ಸುಲಭವಾಗಿ ಅಲುಗಿಸದು. ಆದರೆ ಐದು ಮೀಟರ್‌ಗೂ ಉದ್ದದ ಅದಕ್ಕೆ ಟ್ರೇಲರ್ ಸೇರಿಸಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವವರಿಗೆ ಟ್ರೇಲರ್ ಒಳಮಗ್ಗುಲಿಗೆ ಕೊರೆದುಕೊಂಡು ಬರುವ ಲೆಕ್ಕ ತಿಳಿದಿರಬೇಕು. ಜಿಪ್ಸಿಯನ್ನು ನಾನು ಬಹಳ ಮೆಚ್ಚುತ್ತೇನೆ. ಆದರೆ ಹೆಚ್ಚುಕಡಿಮೆ ಒಂದು ಟನ್ನಷ್ಟೇ ತೂಗುವ ಅದು 1200 ಕಿಲೋ ಟ್ರೇಲರ್‌ನ ಮುಂದೆ ನಿಂತರೆ ಯಾರು ಯಾರನ್ನು ಎಳೆಯುತ್ತಾರೆ ಎಂಬುದೇ ಪ್ರಶ್ನೆ.

ಕಾಗದಪತ್ರಗಳಲ್ಲಿ ಎರಡು ಬಗೆಯ ವಾಹನಗಳ ಮೇಲೆ ಹೆಚ್ಚು ಕಣ್ಣಿರಲಿ. ಹರಾಜಿನಲ್ಲಿ ಕೊಂಡ ಮಿಲಿಟರಿ ಜೀಪುಗಳು, ಹಾಗೂ ಬೇರೆ ಬೇರೆ ವಾಹನಗಳ ಭಾಗ ಕೂಡಿಸಿ ಹೊಸದಾಗಿ ಕಟ್ಟಿದ ಜೀಪುಗಳು ಒಂದು ಬಗೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌ಸಿಯೊಂದಿಗೆ ಹೋಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇನ್ನೊಂದು ಬಗೆ ದೆಹಲಿಯ ಕಡೆಯಿಂದ ಬಂದ ಡೀಸೆಲ್ ವಾಹನಗಳು. 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧದಿಂದಾಗಿ ಅಲ್ಲಿ ಅವು ಅಗ್ಗವಾದವು. ಅಂಥದ್ದನ್ನು ಕೊಳ್ಳುವಾಗ ಆ ರಾಜ್ಯದ ಆರ್‌ಟಿಒ ನೀಡಿದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಸಾಲವಿದ್ದರೆ ಅದು ತೀರಿದ ಬಗ್ಗೆ ನಮೂನೆ 35, ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30 ಕೈಗೆ ಬರದೆ ಹಣ ಕೊಡಬಾರದು. ಕರ್ನಾಟಕದ ಆಜೀವ ತೆರಿಗೆಯನ್ನೂ ಬೆಲೆಗೆ ಸೇರಿಸಿಯೇ ಅಗ್ಗವೋ ದುಬಾರಿಯೋ ನೋಡಬೇಕು. ಟ್ರೇಲರ್ ಕೂಡ ಕಾಯ್ದೆಯ ಕಣ್ಣಿನಲ್ಲಿ ಒಂದು ಮೋಟಾರು ವಾಹನವೇ ಆಗಿರುವುದರಿಂದ ಸಾರ್ವಜನಿಕ ರಸ್ತೆಗೆ ಇಳಿಸುವುದಾದರೆ ಅದಕ್ಕೂ ನೋಂದಣಿ ಮತ್ತು ವಿಮೆ ಬೇಕು. ಜೀಪಿನ ವಿಮೆ ಟ್ರೇಲರ್ ಎಳೆಯುವಾಗಲೂ ಅನ್ವಯಿಸುತ್ತದೆಯೇ ಎಂಬುದನ್ನು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಇಷ್ಟೆಲ್ಲ ಸರಿಹೊಂದಿದ ಮೇಲೆ ಕೊನೆಯ ಪರೀಕ್ಷೆ ಒಂದು ಉಳಿಯುತ್ತದೆ. ಸಾಧ್ಯವಾದರೆ ಟ್ರೇಲರನ್ನು ಅರ್ಧ ತುಂಬಿ ಮಾರುವವರ ಊರಿಗೇ ಒಯ್ಯಬೇಕು. ಕೊಂಡಿಗಳ ಅಳತೆ ಮೊದಲೇ ಕೇಳಿಕೊಂಡಿರಬೇಕು, ಏಕೆಂದರೆ 50 ಮಿಲಿಮೀಟರ್ ಗುಂಡಿಗೆ (ಕೊಂಡಿ ಕೂರುವ ಉಕ್ಕಿನ ಚೆಂಡಿಗೆ) ಮಾಡಿದ ಕೊಂಡಿ ಎರಡು ಇಂಚಿನ ಗುಂಡಿನ ಮೇಲೆ ಪೂರ್ತಿ ಕೂರುವುದಿಲ್ಲ, ಕೂತಂತೆ ಕಾಣಿಸಿ ಏರಿನಲ್ಲಿ ಎಗರುತ್ತದೆ. ಹತ್ತಿರದ ಒಂದು ಏರಿನ ಮಧ್ಯೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ತೆಗೆದು ಹಿಡಿಯುತ್ತದೆಯೇ ನೋಡಬೇಕು. ಅಲ್ಲಿಂದ ಲೋ ಗೇರಿನಲ್ಲಿ ಹೊರಟು, ಮೇಲೆ ಮುಟ್ಟಿ, ತಿರುಗಿಸಿ, ಅದೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬೇಕು. ಕೆಳಗೆ ಬಂದ ಮೇಲೆ ನಾಲ್ಕೂ ಚಕ್ರಗಳ ಬ್ರೇಕುಗಳ ಹತ್ತಿರ ಅಂಗೈ ಹಿಡಿದು, ಯಾವುದು ಉಳಿದವಕ್ಕಿಂತ ಬಿಸಿಯಾಗಿದೆ ಎಂದು ನೋಡಿ, ರೇಡಿಯೇಟರ್ ಕೆಳಗಿನ ನೆಲ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡಿದ ಮೇಲೆಯೇ ಬೆಲೆಯ ಮಾತು ಎತ್ತಬೇಕು.